ಲಿನಕ್ಸ್ ಪರದೆಯಲ್ಲಿ ಕನ್ನಡ ಅಚ್ಚುಕಟ್ಟಾಗಿ ಕಾಣಲು ಏನು ಮಾಡಬೇಕು?

ಲಿನಕ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರ ದೂರು ಸಾಮಾನ್ಯವಾಗಿ ಒಂದೇ: "ಉಳಿದದ್ದೆಲ್ಲ ಚೆನ್ನಾಗಿದೆ, ಕನ್ನಡ ಮಾತ್ರ ಸರಿಯಾಗಿ ಕಾಣುತ್ತಿಲ್ಲ." ಆದರೆ ಈ ಒಂದು ದೂರಿನೊಳಗೆ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಒಬ್ಬರಿಗೆ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಇನ್ನೊಬ್ಬರಿಗೆ ಒತ್ತಕ್ಷರ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತಿರುತ್ತದೆ. ಮತ್ತೊಬ್ಬರಿಗೆ ಅಕ್ಷರಗಳೆಲ್ಲ ಸರಿಯಾಗಿವೆ, ಆದರೆ ಮಸುಕು. ಕೆಲವರಿಗೆ ಸಾಲಿನ ಅಡಿಯ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ. ಇವರೆಲ್ಲರಿಗೂ ಸಿಗುವ ಸಲಹೆ ಒಂದೇ: ಬೇರೆ ಫಾಂಟ್ ಹಾಕಿ ನೋಡಿ.

ಈ ಸಲಹೆ ಕೆಲವೊಮ್ಮೆ ಫಲಿಸುತ್ತದೆ, ಹಲವು ಸಲ ಫಲಿಸುವುದಿಲ್ಲ. ಕಾರಣ, ಒಂದೊಂದು ತೊಂದರೆಯೂ ಹುಟ್ಟುವ ಜಾಗ ಬೇರೆ. ಯಾವ ಲಕ್ಷಣ ಯಾವ ಹಂತದ ದೋಷವನ್ನು ತೋರಿಸುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಇದನ್ನು ತಿಳಿಯುವುದು ಬರಿಯ ಅಂದಚಂದದ ವಿಷಯವಲ್ಲ. ಪರದೆಯಲ್ಲಿ ಕನ್ನಡ ಓದುವುದು ಕಣ್ಣಿಗೆ ಶ್ರಮವಾದರೆ ಜನ ಸದ್ದಿಲ್ಲದೆ ಇಂಗ್ಲಿಷಿಗೆ ಸರಿದುಬಿಡುತ್ತಾರೆ. ಗಂಟೆಗಟ್ಟಲೆ ಪರದೆಯ ಮುಂದೆ ಕೂರುವ ಶಿಕ್ಷಕರು, ಅನುವಾದಕರು, ಕರಡು ತಿದ್ದುವವರು ಆ ಶ್ರಮವನ್ನು ಸಹಿಸಿಕೊಂಡು ಇರಬೇಕಾಗಿಲ್ಲ.

ಅಕ್ಷರ ಪರದೆಗೆ ಬರುವ ದಾರಿ

ಹಿಂದೆ ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಅಕ್ಷರ ಬಿಡಿಸುವ ಕೆಲಸ ಎಕ್ಸ್ ಸರ್ವರ್‌ನದ್ದಾಗಿತ್ತು. ಚುಕ್ಕಿಗಳಲ್ಲಿ ಕಡೆದಿಟ್ಟ ಫಾಂಟ್‌ಗಳನ್ನು ಅದು ಹಾಗೆಯೇ ಪರದೆಗೆ ಇಳಿಸುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕಾಗುತ್ತಿತ್ತು, ಅಕ್ಷರಗಳು ಕೂಡಿಕೊಂಡು ರೂಪ ಬದಲಿಸುವ ಭಾಷೆಗಳಿಗೆ ಸಾಲುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ಕೀತ್ ಪ್ಯಾಕರ್ಡ್ ಮತ್ತು ಸಂಗಡಿಗರ ಕೆಲಸದಿಂದ ಈ ಪದ್ಧತಿ ಬದಲಾಯಿತು. ಅಂದಿನಿಂದ ಅಕ್ಷರವನ್ನು ಸಿದ್ಧಪಡಿಸುವ ಹೊಣೆ ಆಯಾ ತಂತ್ರಾಂಶದ ಪಾಲಿಗೆ ಬಂತು.

ಇಂದು ಈ ಕೆಲಸ ಮುಖ್ಯವಾಗಿ ಮೂರು ತಂತ್ರಾಂಶಗಳಲ್ಲಿ ಹಂಚಿಕೆಯಾಗಿದೆ. ಫಾಂಟ್‌ಕಾನ್ಫಿಗ್ ಯಾವ ಫಾಂಟ್ ಬಳಸಬೇಕೆಂದು ತೀರ್ಮಾನಿಸುತ್ತದೆ. ಹಾರ್ಫ್‌ಬಝ್ ಆ ಫಾಂಟ್‌ನೊಳಗಿನ ಯಾವ ಆಕಾರ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುತ್ತದೆ. ಫ್ರೀಟೈಪ್ ಆ ಆಕಾರದ ಗೆರೆಗಳನ್ನು ಪಿಕ್ಸೆಲ್‌ಗಳಾಗಿ ಪರಿವರ್ತಿಸುತ್ತದೆ. ಉಬುಂಟು, ಫೆಡೋರಾ, ಡೆಬಿಯನ್ ಯಾವುದೇ ಇರಲಿ, ಅಥವಾ ಫ್ರೀಬಿಎಸ್‌ಡಿಯೇ ಇರಲಿ, ಈ ಮೂವರೇ ಕೆಲಸಗಾರರು. ಹಾಗಾಗಿ ಮುಂದೆ ಹೇಳುವುದು ಬಹುಪಾಲು ಎಲ್ಲ ಕಡೆಗೂ ಸಲ್ಲುತ್ತದೆ.

ಖಾಲಿ ಚೌಕ ಕಂಡರೆ

ಅಕ್ಷರದ ಬದಲು ಖಾಲಿ ಚೌಕ, ಅಥವಾ ಒಳಗೆ ಪುಟ್ಟ ಅಂಕಿಗಳಿರುವ ಚೌಕ ಕಂಡರೆ ಅರ್ಥ ಸರಳ: ಆ ಅಕ್ಷರ ಇರುವ ಫಾಂಟ್ ನಿಮ್ಮ ಗಣಕದಲ್ಲಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜ್ ಹಾಕಿಕೊಂಡರೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಒಟ್ಟಿಗೆ ಬರುತ್ತವೆ. ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ ಬೇಕಿದ್ದರೆ ನೋಟೋ ಪ್ಯಾಕೇಜ್ ಹಾಕಿಕೊಳ್ಳಿ. ಹೊರಗಿನಿಂದ ಇಳಿಸಿಕೊಂಡ ಫಾಂಟ್ ಆದರೆ ಅದರ ಕಡತವನ್ನು ನಿಮ್ಮ ಹೋಮ್ ಫೋಲ್ಡರ್‌ನ ಡಾಟ್-ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಫಾಂಟ್ಸ್ ಫೋಲ್ಡರ್‌ಗೆ ನಕಲಿಸಿ. ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳು ಅಡಗಿರುತ್ತವೆ. ಕಡತಗಳ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅವು ಕಾಣಿಸುತ್ತವೆ. ಬಳಿಕ ಎಫ್‌ಸಿ-ಕ್ಯಾಶ್ ಎಂಬ ಆಜ್ಞೆಯನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪಿಸಿ. ತೆರೆದಿರುವ ತಂತ್ರಾಂಶವನ್ನು ಮುಚ್ಚಿ ತೆರೆದರೆ ಹೊಸ ಫಾಂಟ್ ಪಟ್ಟಿಯಲ್ಲಿ ಸೇರಿರುತ್ತದೆ.

ಎಲ್ಲ ಅಕ್ಷರವೂ ಸರಿಯಾಗಿದ್ದು ಎಲ್ಲೋ ಒಂದೆರಡು ಮಾತ್ರ ಚೌಕವಾದರೆ ಆ ಫಾಂಟ್ ಹಳೆಯದು ಎಂದು ತಿಳಿಯಬಹುದು. ಹಳಗನ್ನಡ ಪಠ್ಯ ಓದುವವರು ಱ ಮತ್ತು ೞ ಎರಡೂ ಸರಿಯಾಗಿ ಬರುತ್ತವೆಯೇ ನೋಡಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳು ಇಂದಿಗೂ ತುಂಬುತ್ತಲೇ ಇವೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಬೇಕಾಗುವ ಅನುನಾಸಿಕ ಚಿಹ್ನೆ ಸೇರಿದ್ದು 2022ರ ಯೂನಿಕೋಡ್ 15ರಲ್ಲಿ. ಅದಕ್ಕಿಂತ ಹಿಂದೆ ತಯಾರಾದ ಫಾಂಟ್‌ನಲ್ಲಿ ಅದು ಇರಲು ಸಾಧ್ಯವಿಲ್ಲ.

ಚೌಕದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಬೇರೆಯೇ ಸಂಗತಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟುಕೊಂಡಿದ್ದವು. ಆ ಫಾಂಟ್ ಇಲ್ಲದಿದ್ದರೆ ಹಳೆಯ ಕಡತ ಓದಲು ಬರುವುದಿಲ್ಲ. ಆ ಫಾಂಟ್ ಹಾಕಿಕೊಂಡರೆ ಓದಬಹುದು, ಆದರೆ ಪದ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಶಾಶ್ವತ ಪರಿಹಾರ.

ಬಯಸದ ಫಾಂಟ್ ಬಂದರೆ

ಗಣಕದಲ್ಲಿ ನಾಲ್ಕು ಕನ್ನಡ ಫಾಂಟ್‌ಗಳಿವೆ ಎನ್ನೋಣ. ಮೆನುವಿನಲ್ಲಿ ಒಂದು, ಬ್ರೌಸರ್‌ನಲ್ಲಿ ಇನ್ನೊಂದು ಕಾಣುತ್ತದೆ. ಇಲ್ಲಿ ತೀರ್ಪು ಕೊಡುವುದು ಫಾಂಟ್‌ಕಾನ್ಫಿಗ್. ತಂತ್ರಾಂಶ ಅದರ ಬಳಿ "ಸಾನ್ಸ್" ಎಂದಷ್ಟೇ ಕೇಳಿರುತ್ತದೆ. ಗಣಕದ ಭಾಷೆ ಇಂಗ್ಲಿಷ್ ಆಗಿದ್ದರೆ ಮೊದಲು ಇಂಗ್ಲಿಷಿನ ಫಾಂಟ್ ಆಯ್ಕೆಯಾಗುತ್ತದೆ. ಅದರಲ್ಲಿ ಕನ್ನಡ ಅಕ್ಷರ ಇಲ್ಲದ ಕಾರಣ ಪಟ್ಟಿಯಲ್ಲಿ ಮುಂದೆ ಇರುವ, ಕನ್ನಡ ಇರುವ ಫಾಂಟ್‌ಗೆ ಹೋಗುತ್ತದೆ. ಆ ಪಟ್ಟಿಯ ಕ್ರಮವನ್ನು ಇಟಿಸಿ ಫೋಲ್ಡರ್‌ನೊಳಗಿನ ಫಾಂಟ್ಸ್ ಎಂಬಲ್ಲಿರುವ, ಸಂಖ್ಯೆಯಿಂದ ಶುರುವಾಗುವ ಪುಟ್ಟ ಕಡತಗಳು ನಿರ್ಧರಿಸುತ್ತವೆ. ಚಿಕ್ಕ ಸಂಖ್ಯೆಯ ಕಡತವನ್ನು ಮೊದಲು ಓದಲಾಗುತ್ತದೆ. ಲ್ಯಾಟಿನ್ ಫಾಂಟ್‌ಗಳ ಕಡತ 60ರಲ್ಲಿ, ಉಳಿದ ಲಿಪಿಗಳದ್ದು 65ರಲ್ಲಿ ಬಂದರೆ, ಬಳಕೆದಾರರ ಸ್ವಂತ ಆಯ್ಕೆಯ ಕಡತಕ್ಕೆ 50ರಲ್ಲೇ ಜಾಗ ಕೊಟ್ಟಿದ್ದಾರೆ. ಅಂದರೆ ನಿಮ್ಮ ಮಾತು ಮೊದಲು ಕೇಳಿಸುತ್ತದೆ.

ಈಗ ಯಾವ ಫಾಂಟ್ ಗೆಲ್ಲುತ್ತಿದೆ ಎಂದು ತಿಳಿಯಲು ಎಫ್‌ಸಿ-ಮ್ಯಾಚ್ ಎಂಬ ಆಜ್ಞೆಯಿದೆ. ಅದರ ಮುಂದೆ ಒಂದು ಜಾಗ ಬಿಟ್ಟು ಸಾನ್ಸ್, ಕೋಲನ್, ಲ್ಯಾಂಗ್, ಸಮ ಚಿಹ್ನೆ, ಕೆಎನ್ ಎಂದು ನಡುವೆ ಜಾಗ ಬಿಡದೆ ಸೇರಿಸಿದರೆ ಕನ್ನಡಕ್ಕೆ ಆಯ್ಕೆಯಾಗುವ ಫಾಂಟ್‌ನ ಹೆಸರು ಬರುತ್ತದೆ. ಎಫ್‌ಸಿ-ಲಿಸ್ಟ್ ಎಂಬ ಆಜ್ಞೆಗೆ ಸಾನ್ಸ್ ಬಿಟ್ಟು, ಕೋಲನ್‌ನಿಂದ ಮುಂದಿನ ಭಾಗವನ್ನಷ್ಟೇ ಸೇರಿಸಿದರೆ ಕನ್ನಡ ಬಲ್ಲ ಎಲ್ಲ ಫಾಂಟ್‌ಗಳ ಪಟ್ಟಿ ಸಿಗುತ್ತದೆ.

ಕ್ರಮ ಬದಲಿಸಲು ಹೋಮ್ ಫೋಲ್ಡರ್‌ನ ಡಾಟ್-ಕಾನ್ಫಿಗ್ ಒಳಗೆ ಫಾಂಟ್‌ಕಾನ್ಫಿಗ್ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಫಾಂಟ್ಸ್-ಡಾಟ್-ಕಾನ್ಫ್ ಎಂಬ ಕಡತ ಇಡಬೇಕು. ಎಕ್ಸ್‌ಎಂಎಲ್ ಮಾದರಿಯ ಆ ಕಡತದಲ್ಲಿ "ಸಾನ್ಸ್-ಸೆರಿಫ್ ಕೇಳಿದಾಗ ಮೊದಲು ಈ ಇಂಗ್ಲಿಷ್ ಫಾಂಟ್, ನಂತರ ಈ ಕನ್ನಡ ಫಾಂಟ್" ಎಂದು ಅನುಕ್ರಮವಾಗಿ ಬರೆಯಬೇಕು. ಇಂಗ್ಲಿಷ್ ಫಾಂಟನ್ನು ಮೊದಲು ಇಡುವುದಕ್ಕೆ ಕಾರಣವಿದೆ. ಹಲವು ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಕನ್ನಡ ಫಾಂಟ್ ಮೊದಲಿದ್ದರೆ ಇಡೀ ಗಣಕದ ಇಂಗ್ಲಿಷ್ ಕೂಡ ಅದರಲ್ಲೇ ಮೂಡುತ್ತದೆ.

ಇಷ್ಟೆಲ್ಲ ಬೇಡವೆನ್ನುವವರಿಗೆ ಸುಲಭದ ದಾರಿಯೂ ಇದೆ: ಬಳಸದ ಕನ್ನಡ ಫಾಂಟ್‌ಗಳನ್ನು ತೆಗೆದುಹಾಕಿ. ಸ್ಪರ್ಧಿಗಳು ಕಡಿಮೆಯಾದಷ್ಟೂ ಗೊಂದಲ ಕಡಿಮೆ.

ಒತ್ತಕ್ಷರ ಬಿಡಿಬಿಡಿಯಾದರೆ

ಕನ್ನಡ ಕೇಳುವ ನಿಜವಾದ ಕೌಶಲ ಇರುವುದು ಈ ಹಂತದಲ್ಲಿ. "ಸ್ತ್ರೀ" ಎಂಬ ಒಂದು ಅಕ್ಷರ ಕಡತದಲ್ಲಿ ಆರು ಸಂಕೇತಗಳಾಗಿ ಕೂತಿರುತ್ತದೆ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಕೊನೆಗೆ ಈಕಾರದ ಚಿಹ್ನೆ. ಪರದೆಯಲ್ಲಿ ಆ ಕೊನೆಯ ಈಕಾರ ಎರಡಾಗಿ ಒಡೆಯಬೇಕು. ಗುಡಿಸು ಮೊದಲಿನ ಸಕಾರದ ತಲೆಯ ಮೇಲೆ ಏರಬೇಕು, ದೀರ್ಘ ಮಾತ್ರ ಬಲಗಡೆ ಉಳಿಯಬೇಕು, ನಡುವಿನ ತ ಮತ್ತು ರ ಒತ್ತುಗಳಾಗಿ ಕೆಳಗಿಳಿಯಬೇಕು. "ಅರ್ಕ" ಎಂಬಲ್ಲಿ ರಕಾರ ಮೊದಲು ದಾಖಲಾಗಿದ್ದರೂ ಅರ್ಕಾವತ್ತಾಗಿ ಕಕಾರದ ನಂತರ ಕಾಣಬೇಕು. ಈ ಜೋಡಣೆಯ ನಿಯಮಗಳ ಒಂದು ಪಾಲು ಓಪನ್‌ಟೈಪ್ ಫಾಂಟ್‌ನೊಳಗೆ ಕೋಷ್ಟಕಗಳಾಗಿ ಇರುತ್ತದೆ. ಅವುಗಳನ್ನು ಓದಿ ಅನ್ವಯಿಸುವುದು ಹಾರ್ಫ್‌ಬಝ್‌ನ ಕೆಲಸ.

ಹಿಂದೆ ಗ್ನೋಮ್ ಬಳಗದ ತಂತ್ರಾಂಶಗಳಿಗೆ ಒಂದು, ಕೆಡಿಇ ಬಳಗಕ್ಕೆ ಇನ್ನೊಂದು, ಕಚೇರಿ ತಂತ್ರಾಂಶಕ್ಕೆ ಮತ್ತೊಂದು ಜೋಡಣೆಯ ವ್ಯವಸ್ಥೆ ಇತ್ತು. ಒಂದೇ ಫಾಂಟ್‌ನ ಒಂದೇ ಪದ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪಾಗಿ ಕಾಣಲು ಅದೇ ಕಾರಣ. ಬೆಹ್ದಾದ್ ಎಸ್ಫಹ್‌ಬೋದ್ ಮುಂದಾಳತ್ವದಲ್ಲಿ ಬೆಳೆದ ಹಾರ್ಫ್‌ಬಝ್ ಅನ್ನು ಗ್ನೋಮ್, ಕೆಡಿಇಯ ತಳಹದಿಯಾದ ಕ್ಯುಟಿ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಒಪ್ಪಿಕೊಂಡವು. ಲಿಬ್ರೆಆಫೀಸ್ 2017ರ 5.3ನೇ ಆವೃತ್ತಿಯಿಂದ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಅದನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಇಂದು ಒತ್ತು ಒಡೆದು ಕಂಡರೆ ಮೂರು ಸಾಧ್ಯತೆಗಳನ್ನು ಪರೀಕ್ಷಿಸಿ. ತಂತ್ರಾಂಶ ತೀರ ಹಳೆಯದಿರಬಹುದು. ಫಾಂಟ್‌ನ ಕೋಷ್ಟಕದಲ್ಲೇ ಕೊರತೆ ಇರಬಹುದು. ಅದೂ ಅಲ್ಲದಿದ್ದರೆ ಆ ತಂತ್ರಾಂಶ ಹಾರ್ಫ್‌ಬಝ್ ಅನ್ನು ಬಳಸದೆ ತನ್ನದೇ ದಾರಿ ಹಿಡಿದಿರಬಹುದು. ಅದೇ ಪದವನ್ನು ಅದೇ ಫಾಂಟ್‌ನಲ್ಲಿ ಫೈರ್‌ಫಾಕ್ಸ್‌ನೊಳಗೆ ನೋಡಿ. ಅಲ್ಲಿ ಸರಿಯಿದ್ದರೆ ದೋಷ ತಂತ್ರಾಂಶದ್ದು, ಅಲ್ಲೂ ತಪ್ಪಿದ್ದರೆ ಬಹುಮಟ್ಟಿಗೆ ಫಾಂಟ್‌ನದ್ದು.

ಕೆಲವೊಮ್ಮೆ ತಪ್ಪು ಟೈಪಿಸಿದ ರೀತಿಯಲ್ಲೇ ಇರುತ್ತದೆ. "ರ‍್ಯಾಂಕ್" ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದೆ ಉಳಿಯಬೇಕಾದರೆ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಸಂಕೇತ ಬೇಕು. "ಸಾಫ್ಟ್‌ವೇರ್" ಎಂಬಲ್ಲಿ ವಕಾರ ಒತ್ತಾಗಬಾರದೆಂದರೆ ಬಿಡಿಸುವ ಸಂಕೇತ ಬೇಕು. ಕೀಲಿಮಣೆಯ ವಿನ್ಯಾಸ ಈ ಎರಡಕ್ಕೂ ಕೀಲಿ ಕೊಟ್ಟಿದೆಯೇ ನೋಡಿಕೊಳ್ಳಿ.

ಅಕ್ಷರ ಮಸುಕಾದರೆ

ಇಲ್ಲಿಂದ ಮುಂದಿನದು 1996ರಲ್ಲಿ ಡೇವಿಡ್ ಟರ್ನರ್ ಆರಂಭಿಸಿದ ಫ್ರೀಟೈಪ್‌ನ ಪಾಲು. ಫಾಂಟ್‌ನೊಳಗಿನ ಅಕ್ಷರ ನುಣುಪಾದ ಬಾಗುಗೆರೆ. ಪರದೆ ಚೌಕಗಳ ಜಾಲರಿ. ಒಂದನ್ನು ಇನ್ನೊಂದಕ್ಕೆ ಇಳಿಸುವಾಗ ಮೂರು ಆಯ್ಕೆಗಳು ನಮ್ಮ ಕೈಯಲ್ಲಿವೆ. ಗ್ನೋಮ್‌ನಲ್ಲಿ ಟ್ವೀಕ್ಸ್, ಕೆಡಿಇಯಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಎಕ್ಸ್‌ಎಫ್‌ಸಿಇಯಲ್ಲಿ ಅಪಿಯರೆನ್ಸ್ ತೆರೆದು ಫಾಂಟ್ಸ್ ವಿಭಾಗಕ್ಕೆ ಹೋದರೆ ಇವು ಸಿಗುತ್ತವೆ.

ಮೊದಲನೆಯದು ಆಂಟಿ-ಅಲಿಯಾಸಿಂಗ್. ಗೆರೆ ಒಂದು ಪಿಕ್ಸೆಲ್‌ನ ಅರ್ಧ ಭಾಗವನ್ನಷ್ಟೇ ಆವರಿಸಿದರೆ ಆ ಪಿಕ್ಸೆಲ್‌ಗೆ ಬೂದು ಬಣ್ಣ ಕೊಟ್ಟು ಅಂಚನ್ನು ನುಣುಪಾಗಿ ತೋರಿಸುವ ವಿಧಾನ ಇದು. ದುಂಡಗಿನ ಕನ್ನಡಕ್ಕೆ ಇದು ಬೇಕೇ ಬೇಕು.

ಎರಡನೆಯದು ಸಬ್‌ಪಿಕ್ಸೆಲ್ ವಿಧಾನ. ಎಲ್‌ಸಿಡಿ ಪರದೆಯ ಒಂದೊಂದು ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ನಿಂತ ಪಟ್ಟಿಗಳ ಕೂಟ. ಅವನ್ನು ಬೇರೆ ಬೇರೆಯಾಗಿ ಬೆಳಗಿಸಿದರೆ ಅಡ್ಡಡ್ಡಲಾಗಿ ಮೂರು ಪಟ್ಟು ಸೂಕ್ಷ್ಮತೆ ಸಿಗುತ್ತದೆ. ಮೈಕ್ರೋಸಾಫ್ಟ್‌ನ ಕ್ಲಿಯರ್‌ಟೈಪ್ ಪೇಟೆಂಟ್‌ಗಳ ಕಾರಣ ಲಿನಕ್ಸ್ ವಿತರಣೆಗಳು ಇದನ್ನು ಬಹುಕಾಲ ಮುಟ್ಟಲು ಹಿಂಜರಿದವು. 2017ರಲ್ಲಿ ಫ್ರೀಟೈಪ್ 2.8.1 ಆವೃತ್ತಿ ಆ ಪೇಟೆಂಟ್‌ಗಳ ಹಂಗಿಲ್ಲದ, ಹಾರ್ಮನಿ ಎಂಬ ಬೇರೊಂದು ವಿಧಾನವನ್ನು ತಂದಿತು. ಮಾನಿಟರನ್ನು ನೆಟ್ಟಗೆ ತಿರುಗಿಸಿ ಬಳಸುವವರು ಪಟ್ಟಿಗಳ ದಿಕ್ಕನ್ನೂ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬೇಕು. ಪಿಕ್ಸೆಲ್ ಜೋಡಣೆ ಬೇರೆಯಾಗಿರುವ ಓಎಲ್‌ಇಡಿ ಪರದೆಗಳಿಗೆ ಬೂದು ವಿಧಾನವೇ ಲೇಸು. ಗ್ನೋಮ್‌ನ ಹೊಸ ಆ್ಯಪ್‌ಗಳಿಗೆ ಆಧಾರವಾದ ಜಿಟಿಕೆ 4 ಈ ಬಣ್ಣದ ವಿಧಾನವನ್ನೇ ಕೈಬಿಟ್ಟಿರುವುದರಿಂದ ಅಲ್ಲಿ ಈ ಆಯ್ಕೆ ಏನೂ ಮಾಡುವುದಿಲ್ಲ.

ಮೂರನೆಯದು ಹಿಂಟಿಂಗ್. ಅಕ್ಷರದ ಗೆರೆಗಳನ್ನು ಪಿಕ್ಸೆಲ್ ಜಾಲರಿಗೆ ಹೊಂದುವಂತೆ ತುಸು ಸರಿಸುವುದು. "ಫುಲ್" ಎಂದು ಕೊಟ್ಟರೆ ನೆಟ್ಟಗಿನ ಗೆರೆಗಳಿರುವ ಇಂಗ್ಲಿಷ್ ಗರಿಗರಿಯಾಗಿ ಕಾಣಬಹುದು. ಕನ್ನಡದ ಸುರುಳಿಗಳು ಅದರಿಂದ ಸೊಟ್ಟಗಾಗುತ್ತವೆ, ಒಂದೇ ಪದದಲ್ಲಿ ಒಂದು ಒತ್ತು ದಪ್ಪ, ಇನ್ನೊಂದು ತೆಳುವಾಗುತ್ತದೆ. "ಸ್ಲೈಟ್" ಆಯ್ಕೆ ಮೇಲು-ಕೆಳಗಿನ ದಿಕ್ಕಿನಲ್ಲಷ್ಟೇ ತಿದ್ದುಪಡಿ ಮಾಡಿ ಅಗಲವನ್ನು ಹಾಗೇ ಬಿಡುತ್ತದೆ. ಕನ್ನಡ ಓದುವವರಿಗೆ ನಾನು ಸೂಚಿಸುವುದು ಇದನ್ನೇ. ಒತ್ತೊತ್ತಾದ ಪಿಕ್ಸೆಲ್‌ಗಳಿರುವ 4ಕೆ ಪರದೆಯಲ್ಲಿ ಹಿಂಟಿಂಗ್ ಪೂರ್ತಿ ತೆಗೆದರೂ ನಡೆಯುತ್ತದೆ.

ಈ ಮೂರೂ ಸರಿಯಿದ್ದು ಕೆಲವು ಆ್ಯಪ್‌ಗಳಷ್ಟೇ ಮಸುಕಾಗಿದ್ದರೆ ಸ್ಕೇಲಿಂಗ್ ಕಡೆ ನೋಡಿ. ಎಕ್ಸ್‌ನ ಜಾಗಕ್ಕೆ ಬಂದ ವೇಲ್ಯಾಂಡ್ ಪದ್ಧತಿಯಲ್ಲಿ 125 ಅಥವಾ 150 ಪ್ರತಿಶತ ಇಟ್ಟಾಗ ಹಳೆಯ ಎಕ್ಸ್ ಪದ್ಧತಿಯ ಆ್ಯಪ್‌ಗಳನ್ನು ಚಿತ್ರದಂತೆ ಹಿಗ್ಗಿಸುವುದುಂಟು. ಸ್ಕೇಲಿಂಗ್ 100ಕ್ಕೆ ಇಳಿಸಿ, ಅಕ್ಷರದ ಗಾತ್ರವನ್ನು ಮಾತ್ರ ಟ್ವೀಕ್ಸ್‌ನಲ್ಲಿ ಹೆಚ್ಚಿಸಿದರೆ ಆ ಮಸುಕು ಹೋಗುತ್ತದೆ.

ಕನ್ನಡ ಬೆಳೆಯುವುದು ಕೆಳಮುಖವಾಗಿ

ಅಂತರಜಾಲದಲ್ಲಿ ಸಿಗುವ ಫಾಂಟ್ ಸಲಹೆಗಳೆಲ್ಲ ಬಹುಪಾಲು ಇಂಗ್ಲಿಷ್ ಓದುವವರಿಗಾಗಿ ಬರೆದವು. ಇಂಗ್ಲಿಷ್ ಅಕ್ಷರ ಅಕ್ಕಪಕ್ಕದಲ್ಲಿ ಸಾಲುಗಟ್ಟುತ್ತದೆ, ಕನ್ನಡ ಒಂದರ ಕೆಳಗೊಂದು ಇಳಿಯುತ್ತದೆ. "ರಾಷ್ಟ್ರ" ಎಂಬಲ್ಲಿ ಷಕಾರದ ಅಡಿಯಲ್ಲಿ ಎರಡು ಒತ್ತುಗಳಿಗೆ ಜಾಗ ಬೇಕು. 96 ಡಿಪಿಐ ಲೆಕ್ಕದಲ್ಲಿ 12 ಪಾಯಿಂಟ್ ಎಂದರೆ ಕೇವಲ 16 ಪಿಕ್ಸೆಲ್. ತಲೆಕಟ್ಟು, ಅಕ್ಷರದ ಒಡಲು, ಒತ್ತು ಎಲ್ಲವೂ ಆಸುಪಾಸು ಅಷ್ಟರಲ್ಲೇ ಹೊಂದಿಕೊಳ್ಳಬೇಕು. ಸಬ್‌ಪಿಕ್ಸೆಲ್ ವಿಧಾನ ಅಡ್ಡ ದಿಕ್ಕಿಗೆ ನೆರವಾಗುತ್ತದೆಯೇ ಹೊರತು ನಮಗೆ ಇಕ್ಕಟ್ಟಾಗಿರುವ ಲಂಬ ದಿಕ್ಕಿಗೆ ಏನೂ ಕೊಡುವುದಿಲ್ಲ.

ಹೀಗಾಗಿ ಕನ್ನಡಕ್ಕೆ ಅತ್ಯಂತ ಫಲ ಕೊಡುವ ಬದಲಾವಣೆ ಗಾತ್ರದ್ದು. ಇಂಗ್ಲಿಷಿಗೆ 10 ಅಥವಾ 11 ಪಾಯಿಂಟ್ ಇಟ್ಟಿದ್ದರೆ ಕನ್ನಡಕ್ಕೆ ಒಂದೆರಡು ಪಾಯಿಂಟ್ ಹೆಚ್ಚಿಸಿ. ಪರದೆ ಕೊಳ್ಳುವಾಗ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎಂದು ನೋಡಿ. 1920 ಅಡ್ಡ, 1080 ಉದ್ದ ಪಿಕ್ಸೆಲ್‌ಗಳ 24 ಅಂಗುಲದ ಮಾನಿಟರ್‌ನಲ್ಲಿ ಅಂಗುಲಕ್ಕೆ ಸುಮಾರು 92 ಪಿಕ್ಸೆಲ್ ಸಿಗುತ್ತವೆ. ಅಷ್ಟೇ ಪಿಕ್ಸೆಲ್‌ಗಳು 15.6 ಅಂಗುಲದ ಲ್ಯಾಪ್‌ಟಾಪ್‌ನಲ್ಲಿ 141 ಆಗುತ್ತವೆ, 27 ಅಂಗುಲದ 4ಕೆ ಪರದೆಯಲ್ಲಿ 163. ಒತ್ತು ಸ್ಪಷ್ಟವಾಗಿ ಕಾಣಲು ಈ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದು.

ಒತ್ತಿನ ಅಡಿ ಕತ್ತರಿಸಿದಂತೆ ಕಂಡರೆ ಸಾಲಿನ ಅಂತರ ಸಾಲುತ್ತಿಲ್ಲ ಎಂದರ್ಥ. ಲಿಬ್ರೆಆಫೀಸ್‌ನಲ್ಲಿ ಸಾಲಿನ ಅಂತರಕ್ಕೆ "ಫಿಕ್ಸೆಡ್" ಕೊಟ್ಟಿದ್ದರೆ ಅದನ್ನು "ಪ್ರೊಪೋರ್ಷನಲ್" ಮಾಡಿ, 115ರಿಂದ 130 ಪ್ರತಿಶತದೊಳಗೆ ಇಡಿ.

ದಪ್ಪ ಅಕ್ಷರದ ವಿಷಯದಲ್ಲೂ ಎಚ್ಚರ ಬೇಕು. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳಲ್ಲಿ ಇರುವುದು ಒಂದೇ ದಪ್ಪ. ಬೋಲ್ಡ್ ಕೇಳಿದರೆ ತಂತ್ರಾಂಶವೇ ಗೆರೆಯನ್ನು ಕೃತಕವಾಗಿ ಉಬ್ಬಿಸುತ್ತದೆ, ಅಕ್ಷರದ ಒಳಗಿನ ಬಯಲು ಮುಚ್ಚಿಹೋಗುತ್ತದೆ. ತಲೆಬರಹಗಳಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಏಕ್ ಟೈಪ್ ತಂಡದ ಅನೇಕ್ ಕನ್ನಡದಂಥ, ತೆಳುವಿನಿಂದ ದಪ್ಪದವರೆಗೆ ಹಲವು ರೂಪಗಳನ್ನು ನಿಜವಾಗಿ ಬಿಡಿಸಿರುವ ಫಾಂಟ್ ಬಳಸಿ.

ತಂತ್ರಾಂಶದೊಳಗಿನ ಸೆಟ್ಟಿಂಗ್ಸ್

ಲಿಬ್ರೆಆಫೀಸ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ ಎಂಬ ದೂರು ಸಾಮಾನ್ಯ. ಅದು ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಗುಂಪಿನಲ್ಲಿಟ್ಟು, ಇಂಗ್ಲಿಷಿಗೆ ಒಂದು, ಈ ಗುಂಪಿಗೆ ಇನ್ನೊಂದು ಫಾಂಟ್ ಮತ್ತು ಗಾತ್ರವನ್ನು ನೆನಪಿಟ್ಟುಕೊಳ್ಳುತ್ತದೆ. ಟೂಲ್ಸ್ ಮೆನುವಿನ ಆಪ್ಷನ್ಸ್ ತೆರೆದು, ಭಾಷೆಯ ವಿಭಾಗದಲ್ಲಿ ಈ ಗುಂಪನ್ನು ಸಕ್ರಿಯಗೊಳಿಸಿ ಕನ್ನಡ ಆಯ್ದುಕೊಳ್ಳಿ. ಆಮೇಲೆ ಸ್ಟೈಲ್‌ನಲ್ಲೇ ಕನ್ನಡದ ಫಾಂಟ್ ನಮೂದಿಸಿದರೆ ಪ್ರತಿ ಸಲ ಬದಲಿಸುವ ಕಷ್ಟ ತಪ್ಪುತ್ತದೆ. ಕಡತವನ್ನು ಬೇರೆಯವರಿಗೆ ಕಳಿಸುವುದಿದ್ದರೆ ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಅಡಕಗೊಳಿಸುವ ಆಯ್ಕೆಯಿದೆ.

ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಪಕ್ಕದ ಅಡ್ವಾನ್ಸ್ಡ್ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡ ಆರಿಸಿ ಫಾಂಟ್, ಗಾತ್ರ, ಕನಿಷ್ಠ ಗಾತ್ರ ಮೂರನ್ನೂ ನಿಗದಿಪಡಿಸಬಹುದು. ಇಂಗ್ಲಿಷ್ ಪುಟಗಳನ್ನು ಮುಟ್ಟದೆ ಕನ್ನಡ ಪುಟಗಳನ್ನಷ್ಟೇ ದೊಡ್ಡದಾಗಿಸಲು ಇದು ಒಳ್ಳೆಯ ದಾರಿ.

ಟರ್ಮಿನಲ್‌ನಲ್ಲಿ ಮಾತ್ರ ಹೆಚ್ಚು ನಿರೀಕ್ಷಿಸಬೇಡಿ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಕೋಣೆ. ಚಿತ್ರಾತ್ಮಕ ಪರದೆ ಇಲ್ಲದ ಬರಿಯ ಕನ್ಸೋಲ್‌ನಲ್ಲಂತೂ ಒಟ್ಟು 512 ಆಕಾರಗಳಷ್ಟೇ ಹಿಡಿಸುತ್ತವೆ, ಜೋಡಣೆಯ ವ್ಯವಸ್ಥೆಯೂ ಇಲ್ಲ. ಕನ್ನಡ ಕಡತವನ್ನು ಪಠ್ಯ ಸಂಪಾದಕದಲ್ಲಿ ತೆರೆಯುವುದೇ ಜಾಣತನ.

ಪರೀಕ್ಷಿಸಿ, ವರದಿ ಮಾಡಿ

ಯಾವುದೇ ಫಾಂಟ್ ಅಥವಾ ಸೆಟ್ಟಿಂಗ್ ಬದಲಿಸಿದ ಮೇಲೆ ಈ ಪದಗಳನ್ನು ಟೈಪಿಸಿ ನೋಡಿ: ಸ್ಥೈರ್ಯ, ಸ್ಮೃತಿ, ರಾಷ್ಟ್ರ, ಸ್ತ್ರೀ, ಜ್ಞಾನ, ಲಕ್ಷ್ಮಿ, ಕೋಟೆ, ರ‍್ಯಾಂಕ್, ಸಾಫ್ಟ್‌ವೇರ್. "ಸ್ಥೈರ್ಯ"ದಲ್ಲಿ ಥಕಾರದ ಒತ್ತು, ಐತ್ವ, ಅರ್ಕಾವತ್ತು ಮೂರೂ ಸೇರಿವೆ. "ಸ್ಮೃತಿ"ಯಲ್ಲಿ ಒತ್ತು ಮತ್ತು ವಟ್ರಸುಳಿ ಒಂದಕ್ಕೊಂದು ತಾಗಬಾರದು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ.

ಎಲ್ಲ ಮಾಡಿದರೂ ತಪ್ಪು ಉಳಿದರೆ ಅದನ್ನು ಆ ಫಾಂಟ್ ಅಥವಾ ತಂತ್ರಾಂಶ ರೂಪಿಸುವವರಿಗೆ ತಿಳಿಸಿ. ತಪ್ಪಾದ ಪದವನ್ನು ಪಠ್ಯವಾಗಿಯೇ ಕೊಡಿ, ಪರದೆಯ ಚಿತ್ರ ಸೇರಿಸಿ, ಫಾಂಟ್ ಮತ್ತು ತಂತ್ರಾಂಶದ ಆವೃತ್ತಿ ಬರೆಯಿರಿ, ಸರಿಯಾದ ರೂಪ ಹೇಗಿರಬೇಕೆಂದು ಕೈಬರಹದಲ್ಲಾದರೂ ತೋರಿಸಿ. ಈ ತಂತ್ರಾಂಶಗಳು ಮುಕ್ತವಾಗಿವೆ, ದೂರದ ದೇಶದವರೂ ಇವನ್ನು ತಿದ್ದುತ್ತಾರೆ. ಆದರೆ ವಟ್ರಸುಳಿ ಎಲ್ಲಿ ಕೂರಬೇಕೆಂದು ಅವರಿಗೆ ಹೇಳಬಲ್ಲವರು ಕನ್ನಡ ಓದುವ ನಾವೇ. ಒಬ್ಬರು ಸರಿಯಾಗಿ ಬರೆದ ಒಂದು ವರದಿಯಿಂದ ಮುಂದಿನ ಆವೃತ್ತಿಯಲ್ಲಿ ಎಲ್ಲ ಕನ್ನಡಿಗರ ಪರದೆಯೂ ಸರಿಯಾಗಬಹುದು.